ಕಟ್ಟಿನ ದಾರ

ಮಾರುಕಟ್ಟೆಯಿಂದ ಪತ್ರ ಬಂತು, ನಸುಕಿನಲ್ಲಿ,
ಬೆಟಗೇರಿಯ ಮಗ್ಗಗಳಿನ್ನೂ ಬಾಯಿ ತೆರೆಯುವ ಮೊದಲು:
ಬರುವ ತಿಂಗಳಿಂದ ಬರೀ ಚಿತ್ರ ತೆಗೆದುಕೊಳ್ಳುವುದಿಲ್ಲ.
ವಿನ್ಯಾಸದ ಜೊತೆಗೇ ಕೋಡ್ ಕಟ್ಟಿ ಕಳಿಸಿ.
ಒಂದೇ ಕಟ್ಟು, ಒಂದೇ ಬೆಲೆ.

ನಾನು ಮಾರುವುದು ಪುಟಗಳನ್ನು.
ಎಲ್ಲೋ ಇರುವ ಖಾನಾವಳಿಗೆ, ಹಲ್ಲಿನ ಡಾಕ್ಟರಿಗೆ,
ಯೋಗ ಕಲಿಸುವವಳಿಗೆ,
ಹೆಸರಿನ ಜಾಗ ಖಾಲಿ ಬಿಟ್ಟು ಮೊದಲೇ ಬರೆದಿಟ್ಟದ್ದು.
ಹನ್ನೆರಡು ಡಾಲರಿಗೊಂದು.
ಗುಂಡಿಗೆ ದಾಸವಾಳದ ಬಣ್ಣ ಕೂಡಿಸಲು ನನಗೆ ಎರಡು ದಿನ ಬೇಕು;
ಅದನ್ನೊತ್ತಿದರೆ ಏನಾಗಬೇಕೆಂದು
ಒಂದು ದಿನವೂ ಯೋಚಿಸಿದವಳಲ್ಲ.

ಕೊಂಡವಳೊಬ್ಬಳು ಬರೆದಿದ್ದಳು ಹೋದ ಶ್ರಾವಣದಲ್ಲಿ:
ಚೆಂದ ಇದೆ, ಆದರೆ ಬಾಗಿಲಿನ ಚಿತ್ರ ತಂದು
ಗೋಡೆಗೆ ಅಂಟಿಸಿದ ಹಾಗಾಯಿತು.

ಹುಬ್ಬಳ್ಳಿಗೆ ಫೋನು ಮಾಡಿದೆ. ಮಕ್ತುಮ್ ಕೋಡ್ ಬರೆಯುತ್ತಾನೆ,
ದುರ್ಗದ ಬೈಲಿನ ಹಿಂದೆ, ಬಳೆ ಅಂಗಡಿಯ ಅಟ್ಟದಲ್ಲಿ.
"ಬರ್ದ ಕೊಡ್ತೀನಿ ಅಕ್ಕಾ. ಆದ್ರ ಆರ ತಿಂಗಳಾದ ಮ್ಯಾಲೆ
ಬ್ರೌಸರ್ ಬದಲಾಗಿ ನಿನ್ನ ಗುಂಡಿ ಮುರದ್ರ
ನಡುರಾತ್ರಿ ಯಾರನ್ನ ಎಬ್ಬಸ್ತಾರ, ನಿನ್ನೋ, ನನ್ನೋ?"
ನನ್ನ ಹತ್ತಿರ ಉತ್ತರವಿರಲಿಲ್ಲ,
ಅವನ ಫೋನಿನಲ್ಲಿ ಚಾರ್ಜಿರಲಿಲ್ಲ.

ಸಂಜೆ ದೇವೇಂದ್ರಪ್ಪ ಗಂಜಿಯವರ ಮನೆಗೆ ಹೋದೆ.
ತೀರಿಕೊಂಡ ನಮ್ಮ ಕಾಕಾ ಗ್ರಾಫ್ ಹಾಳೆಯಲ್ಲಿ ನವಿಲು ಬರೆದರೆ
ಇವರು ಜಕಾರ್ಡಿನ ರಟ್ಟಿಗೆ ತೂತು ಹೊಡೆಯುತ್ತಿದ್ದರು.
ತೂತಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಇಲ್ಲ.
ನೂರಾರು ರಟ್ಟು ಸಾಲಾಗಿ ಇಳಿದ ಮೇಲೆ
ಸೆರಗಿನಲ್ಲೊಂದು ನವಿಲು ಕತ್ತು ಹೊರಳಿಸುತ್ತದೆ.
ಈಗ ಆ ರಟ್ಟುಗಳು
ತಗಡಿನ ಮಾಡು ಗಾಳಿಗೆ ಬಡಿಯದಂತೆ ಸಂದಿಗೆ ತುರುಕಿವೆ.

"ಬರೇ ನಕ್ಷಾ ಒಯ್ದು ಸಾವ್ಕಾರ ಏನ ಮಾಡ್ತಾನವ್ವಾ,
ಗ್ವಾಡಿಗೆ ಹಚ್ಚತಾನ? ಎರಡೂ ಕೂಡಿಸೇ ದಾರ ಕಟ್ಟಿ ಕೊಡೂದು.
ಒಂದ ಸಲ ನಾ ಒಂದ ತೂತು ತಪ್ಪಿದೆ.
ನೂರಾ ನಾಲ್ವತ್ತು ಸೀರಿಯೊಳಗ ನವಿಲ ಕುಂಟತು.
ಬೈಗಳ ತಿಂದಾವ ನಿಮ್ಮ ಕಾಕಾ.
ಕಟ್ಟಿನ ಮ್ಯಾಲೆ ಅವನ ಹೆಸರಿತ್ತು, ನಂದಿರಲಿಲ್ಲ."
ತಂಬಾಕು ಉಗಿದು ಬಂದು, ನಿಂತೇ ಹೇಳಿದರು:
"ಅವತ್ತಿಂದ, ಗೇಣುದ್ದ ನೇಯ್ದ ನೋಡೂತನಕ
ದಾರ ಕಟ್ಟಲಿಲ್ಲ ನಾ."

ಗೇಣುದ್ದ.
ಆ ಮಾರುಕಟ್ಟೆಯಲ್ಲಿ ನನ್ನ ಬಣ್ಣ ಅಳೆಯುವವರಿದ್ದಾರೆ,
ಅಕ್ಷರದ ನಡುವಿನ ಉಸಿರು ಎಣಿಸುವವರಿದ್ದಾರೆ,
ಒಂದು ಚುಕ್ಕಿ ಸರಿದರೆ ವಾಪಸು ಕಳಿಸುತ್ತಾರೆ.
ಕೋಡನ್ನು ಗೇಣುದ್ದ ನೇಯ್ದು ನೋಡುವವರು ಯಾರು?
ಪತ್ರದಲ್ಲಿ ಆ ಮಾತಿಲ್ಲ. ಕಟ್ಟಬೇಕು, ಅಷ್ಟೇ.

ಹಾಗಂತ ಬಾಗಿಲಿನ ಚಿತ್ರ ಮಾರುತ್ತ ಕೂರಲೇ?
ಅದೂ ಒಗ್ಗುತ್ತಿಲ್ಲ ಈಗ.

ಹತ್ತು ದಿನ ಬಿಟ್ಟು ಒಂದು ರಾತ್ರಿ ಮಕ್ತುಮ್ ಕಳಿಸಿದ.
ದಾಸವಾಳದ ಗುಂಡಿ ಒತ್ತಿದೆ.
ಸೆರಗು ಸರಿಪಡಿಸಿಕೊಂಡ ಹಾಗೆ ಪುಟ ನಿಧಾನ ಸರಿದು
ಒಳಗೆ ಕಾಲಿಡಲು ಜಾಗ ಬಿಟ್ಟಿತು.
ಅಷ್ಟು ನಿಧಾನ ಬೇಕೆಂದು ನಾನು ಹೇಳಿರಲಿಲ್ಲ.
ಅದು ಅವನ ಕೈ.
ಅವ್ವನ ಹಳೇ ಫೋನಿನಲ್ಲಿ ಒತ್ತಿದೆ. ಅಲ್ಲಿ ತಡವರಿಸಿತು.
"ಕುಂಟತೈತಿ ನೋಡೋ" ಅಂದೆ.
ಮೂರು ಗಂಟೆಯ ಹೊತ್ತಿಗೆ ನೆಟ್ಟಗೆ ನಡೆಯಿತು.

ಅರ್ಜಿ ತುಂಬಿದೆ. ಮಾಡಿದವರು ಎಂಬಲ್ಲಿ
ಇಬ್ಬರ ಹೆಸರೂ ಬರೆದೆ. ಕೆಂಪಗಾಯಿತು: ಒಂದೇ ಹೆಸರು ಸಾಕು.
ಅಲ್ಪವಿರಾಮ ತೆಗೆದೆ, ನಡುವಿನ ಖಾಲಿ ಜಾಗ ತೆಗೆದೆ,
ಕಸ್ತೂರಿಮಕ್ತುಮ್ ಎಂದು ಒಂದೇ ಉಸಿರಿಗೆ ಬರೆದೆ.
ತಕ್ಕೊಂಡಿತು.

ಓಣಿಯಲ್ಲಿ ಮೊದಲ ಮಗ್ಗ ಕೆಮ್ಮಿ ಶುರುವಾಗಿದೆ.
ಬೆಲೆಯ ಮನೆಯಲ್ಲಿದ್ದ ಹನ್ನೆರಡು ಅಳಿಸಿದ್ದೇನೆ.
ಅಲ್ಲಿ ಏನು ಬರೆಯಬೇಕೋ
ಅವನೆದ್ದ ಮೇಲೆ ಕೇಳಬೇಕು.