ಕಳ್ಳಗಾಳಿ

ಪುಂತಾ ಅರೇನಾಸ್‌ನಲ್ಲಿ ಗಾಳಿಯ ಮಾತು ಯಾರೂ ಎತ್ತುವುದಿಲ್ಲ.
ಮನೆಯವರ ಪರಿಚಯ ಮನೆಯವರಿಗೇ ಯಾಕೆ?
ಜೋರಾದ ದಿನ ಚೌಕದ ಮೂಲೆಗೆ ಹಗ್ಗ ಬಿಗಿಯುತ್ತಾರೆ,
ಹಿಡಿದು ನಡೆಯುತ್ತೇವೆ, ಬ್ಯಾಂಕಿಗೆ, ಔಷಧಿಯಂಗಡಿಗೆ.
ಟೋಪಿ ಹಾರಿದವನು ತಿರುಗಿ ನೋಡುವುದಿಲ್ಲ.

ಇಂಥ ಊರಿನಲ್ಲಿ
ನನ್ನ ಮೋಟಾರ್‌ಸೈಕಲ್ಲಿಗೆ ಉಬ್ಬಸ
ಅಂದರೆ ನಗದವರುಂಟೆ?

ನೊಲ್ಬೆರ್ತೊ ಓಯಾರ್ಸೂನ್ ಮಾರಿದ ಗಾಡಿ.
"ಚಳಿಗೆ ಸ್ವಲ್ಪ ಕೆಮ್ಮುತ್ತೆ" ಅಂದಿದ್ದ
ನೋಟು ಎಣಿಸುತ್ತ, ನನ್ನ ಮುಖ ನೋಡದೆ.
ಕೆಮ್ಮಲ್ಲ ಅದು.
ಆಕ್ಸಿಲರೇಟರ್ ಬಿಟ್ಟರೂ ಇಳಿಯದ ಕೂಗು,
ಸಿಗ್ನಲ್ಲಿನಲ್ಲಿ ತಾನೇ ಏರಿ ತಾನೇ ಬೀಳುವ ಸದ್ದು,
ಜಗಳ ಮುಗಿದ ಮೇಲೂ ಯಾರೋ ಒಳಗೆ
ಪಾತ್ರೆ ಕುಕ್ಕುತ್ತಲೇ ಇದ್ದ ಹಾಗೆ.
ಇಳಿಜಾರಿನಲ್ಲಿ ಒಮ್ಮೆ ಢಬ್ ಎಂದರೆ
ಬೀದಿನಾಯಿಗಳು ಸಮುದ್ರದ ಕಡೆಗೆ ಓಟ.

ಮೆಕ್ಯಾನಿಕ್ ಕಾರ್ಬ್ಯುರೇಟರನ್ನೇ ಬದಲಿಸಬೇಕೆಂದ.
ಸಾಂತಿಯಾಗೊದಿಂದ ಬರಬೇಕು, ಎರಡು ತಿಂಗಳು.
ಬೆಲೆ ಹೇಳುವಾಗ ದನಿ ತಗ್ಗಿಸಿದ,
ಆಸ್ಪತ್ರೆಯ ಪಡಸಾಲೆಯಲ್ಲಿ ತಗ್ಗಿಸುವಂತೆ.

ಭಾನುವಾರ. ಮೀನಿನ ಕೋಲ್ಡ್ ಸ್ಟೋರೇಜಿಗೆ ರಜೆ,
ನನ್ನ ಬೆರಳುಗಳಿಗೆ ಬೆರಳೆಂಬ ನೆನಪು ಬರುವ ದಿನ.
ತಗಡಿನ ಶೆಡ್ಡಿನಲ್ಲಿ ಟ್ಯಾಂಕ್ ಇಳಿಸಿ ಕೂತೆ.
ಪಕ್ಕದ ಮನೆಯ ಮಿಲೆಂಕಾ, ಕೂದಲು ಕತ್ತರಿಸುವವಳು,
ನೀರು ಚಿಮುಕಿಸುವ ಬಾಟಲಿ ತಂದು ಕೊಟ್ಟಳು.
"ಇದಕ್ಕೂ ಕ್ಷೌರವಾ?"

ಎಂಜಿನ್ ನಡೆಯುತ್ತಿರಲಿ.
ಫಿಲ್ಟರಿನ ಡಬ್ಬಿಯಿಂದ ಕಾರ್ಬ್ಯುರೇಟರಿಗೆ ಒಂದು ರಬ್ಬರ್ ಕೊರಳು,
ಅಲ್ಲಿಂದ ಸಿಲಿಂಡರಿಗೆ ಇನ್ನೊಂದು.
ಮೊದಲನೆಯದರ ಸುತ್ತ ಚಿಮುಕಿಸಿದೆ: ಏನಿಲ್ಲ.
ಎರಡನೆಯದರ ನೆತ್ತಿಗೆ: ಏನಿಲ್ಲ.
ಕೈ ತಿರುಗಿಸಿ, ಕಾಣದ ಅಡಿಭಾಗಕ್ಕೆ, ಅಂದಾಜಿಗೆ—
ಗಕ್ಕನೆ ನುಂಗಿತು.
ಹಾಡು ನಿಂತು, ಮುಗ್ಗರಿಸಿ, ಮತ್ತೆ ಹಿಡಿಯಿತು.
ಇನ್ನೊಮ್ಮೆ ಚಿಮುಕಿಸಿದೆ. ಇನ್ನೊಮ್ಮೆ ಗುಟುಕು.
ಸಿಕ್ಕಿಬಿದ್ದೆಯಲ್ಲ ಕಳ್ಳ.
ಹೆಬ್ಬಾಗಿಲಲ್ಲಿ ಸೋಸಿ ಅಳೆದು ಬಿಡುತ್ತಿದ್ದರೆ
ನೀನು ಹಿತ್ತಿಲ ಸಂದಿಯಿಂದ ದಿನಾ ನುಸುಳುತ್ತಿದ್ದೆ.

ಕ್ಲಾಂಪ್ ಬಿಚ್ಚಿದರೆ ಒಳಗೆ
ಸೈಕಲ್ ಟ್ಯೂಬಿನ ಪಟ್ಟಿ, ಮೂರು ಸುತ್ತು,
ಅದರ ಕೆಳಗೆ ಇನ್ಸುಲೇಷನ್ ಟೇಪು,
ಅದರ ಕೆಳಗೆ ಒಣಗಿದ ಗೋಂದಿನ ಹೊಪ್ಪಳೆ.
ಅಂದರೆ ಗೊತ್ತಿತ್ತು ಅವನಿಗೆ! ಗೊತ್ತಿದ್ದೂ ಮಾರಿದ!
ಬೈಗುಳ ಒಂದೊಂದಾಗಿ ಜೋಡಿಸಿಟ್ಟುಕೊಂಡೆ,
ಸ್ಕ್ರೂಗಳ ಪಕ್ಕದಲ್ಲಿ, ಕಳೆಯದ ಹಾಗೆ.

ರಬ್ಬರ್ ಕಲ್ಲಾಗಿತ್ತು. ಅಂಚು ತನ್ನ ಗೀರಿನಲ್ಲಿ ಕೂತೇ ಇರಲಿಲ್ಲ.
ಕುದಿನೀರಿನಲ್ಲಿ ಅದ್ದಿದೆ, ಮಿಲೆಂಕಾಳ ಹೇರ್ ಡ್ರೈಯರ್ ಹಿಡಿದೆ,
ಅಜ್ಜಿಯ ಕಿವಿಯಂತೆ ಮೆತ್ತಗಾಯಿತು.
ಒಂದು ಕಡೆಯಿಂದ ತುಸುತುಸುವೇ ಒತ್ತುತ್ತ ಹೋದೆ,
ಸುತ್ತು ಮುಗಿದಾಗ ಪುಳಕ್ ಎಂದು ಕೂತಿತು.
ಹೊಸ ಕ್ಲಾಂಪು. ಬಿಗಿ, ಆದರೆ ಕತ್ತು ಹಿಸುಕುವಷ್ಟಲ್ಲ.

ಸ್ಟಾರ್ಟ್ ಮಾಡಿ ಕೈ ಬಿಟ್ಟೆ.
ಸದ್ದು ಇಳಿಯಿತು. ಇಳಿದಲ್ಲೇ ನಿಂತಿತು.

ನೇರ ನೊಲ್ಬೆರ್ತೊನ ಬಾಗಿಲಿಗೆ ಹೋದೆ.
ಎಂಜಿನ್ ಆರಿಸಲಿಲ್ಲ; ಕೇಳಲಿ ಅಂತಲೇ.
ಬಂದ, ಚಪ್ಪಲಿಯಲ್ಲಿ, ಕೊರಳಿಗೆ ಊಟದ ನ್ಯಾಪ್‌ಕಿನ್.
ನಾನು ಬಾಯಿ ತೆರೆಯುವ ಮೊದಲೇ
ಒದ್ದೆ ರಸ್ತೆಗೆ ಮೊಣಕಾಲೂರಿ ಕಿವಿಯಿಟ್ಟ.
"ಎಲ್ಲಿತ್ತು?
ನಾಲ್ಕು ವರ್ಷ ಹುಡುಕಿದೆ ಮಾರಾಯ್ತಿ,
ಸುತ್ತಿದೆ, ಅಂಟಿಸಿದೆ, ಎಲ್ಲಿತ್ತು?"
"ಅಡಿಯಲ್ಲಿ," ಅಂದೆ.
ಜೋಡಿಸಿಟ್ಟ ಬೈಗುಳದಲ್ಲಿ ಒಂದೂ ಕೈಗೆ ಸಿಗಲಿಲ್ಲ.

ಬಹಳ ಹೊತ್ತು ಹಾಗೇ ಕೂತಿದ್ದ.
ಆಮೇಲೆ ಎದ್ದು, ಮಂಡಿ ಒರೆಸಿಕೊಂಡು,
"ಹಾಗಾದರೆ ತೀರಾ ಕಡಿಮೆಗೆ ಕೊಟ್ಟುಬಿಟ್ಟೆನಲ್ಲ" ಅಂದ.

ಸೋಮವಾರ ಮಿಲೆಂಕಾಳ ಅಂಗಡಿಯಲ್ಲಿ
ಕೂದಲು ಒಣಗಿಸಿಕೊಳ್ಳುತ್ತ ಮೂವರು ಕೇಳಿದರಂತೆ:
ಇದೇನು, ಎಲ್ಲಿಂದ ಟೈರಿನ ವಾಸನೆ?