ಗ್ಲೆಮ್ಮೆ

ಅಂಗೈಯಗಲದ ಚೀಟಿಗಳು,
ಒಂದೊಂದು ಮಾತಿಗೆ ಒಂದೊಂದು.
ಮರದ ಡಬ್ಬಿಯಲ್ಲಿ ಅವನ್ನು ಹೊತ್ತು ತೋರ್ಗ್ರಿಮ್
ಅಂಚೆದೋಣಿಯಲ್ಲಿ ಬಂದಿಳಿದ ರೆವ್‌ಹೋಲ್ಮ ದ್ವೀಪಕ್ಕೆ,
ಹೊಟ್ಟೆ ತೊಳಸುತ್ತ.
ಜೂನ್ ಮುಗಿಯುವುದರೊಳಗೆ ‘ಗ್ಲ’ ಮುಗಿಯಬೇಕು.

ಓಡ್ಲೌಗ್ ಮುದುಕಿಯ ಅಡುಗೆಮನೆ.
ಕಾಫಿ ಮೂರನೆಯ ಸಲ ಕುದಿಯುತ್ತಿತ್ತು.
“ಗ್ಲೆಮ್ಮೆ, ಮರೆಯುವುದು. ನಿಮ್ಮ ಕಡೆ ಹೇಗೆ?”
“ಗ್ಲೋಯ್ಮೆ. ಹೇಗಂದರೂ ಮರೆಯುವುದೇ ತಾನೆ.”

ಅವನಿಗೆ ಹುರುಪು ಬಂತು.
ಅಜ್ಜಿ, ಇದರ ಹಳೆಯ ಮನೆಯೇ ಬೇರೆ.
ಎಂಟುನೂರು ವರ್ಷದ ಹಿಂದೆ ಇದು ಗ್ಲೆಯ್ಮ,
ಇದರ ಒಡಹುಟ್ಟು ಗ್ಲೌಮ್:
ಹಬ್ಬದ ಕೇಕೆ, ಗದ್ದಲ,
ಲೋಟ ಮೇಜಿಗೆ ಕುಟ್ಟುವ ಸದ್ದು.
ಮೊದಲು ನಕ್ಕು ಕುಣಿದರು,
ಕುಣಿಯುತ್ತ ಮೈಮರೆತರು,
ಆಮೇಲೆ ಮೈ ಬಿಟ್ಟುಹೋಯಿತು, ಮರೆತರು ಅಷ್ಟೆ.
ಈಗ ಒಗೆದೊಗೆದು ಬಣ್ಣ ಹೋದ ಅಂಗಿ;
ಬೀಗದಕೈ ಮರೆತೆ, ಹಾಲು ಮರೆತೆ
ಎನ್ನುವಾಗ ತೊಟ್ಟುಕೊಳ್ಳುತ್ತೇವೆ.

ಮುದುಕಿ ಸಕ್ಕರೆ ಗಟ್ಟಿಯನ್ನು ಹಲ್ಲಿನಲ್ಲಿ ಹಿಡಿದು
ಅದರ ಮೂಲಕ ಕಾಫಿ ಹೀರಿದಳು.
ಬಹಳ ಹೊತ್ತು.
ಆಮೇಲೆ ಕಿಟಕಿಗೆ ಹೇಳುವ ಹಾಗೆ:

“ಅಕ್ಕ ಯೋರುನ್ನಳ ಮದುವೆ. ಅಕ್ಟೋಬರ್.
ಮೀನಿಗೆ ಉಪ್ಪು ಹಾಕುವ ಕೊಟ್ಟಿಗೆ ತೊಳೆದು
ಎರಡು ಪಿಟೀಲು ತರಿಸಿದ್ದರು.
ಹಲಗೆ ನೆಲ ದೋಣಿಯ ಹಾಗೆ ತೂಗುತ್ತಿತ್ತು.
ಬಂಡೆಯ ಮೇಲೆ ದೀಪ ಹಚ್ಚುವ ಸರದಿ ನನ್ನದು.
ಹದಿನಾರು ವರ್ಷ. ಹೊಸ ಬೂಟು.
ಇದೊಂದು ಸುತ್ತು, ಇನ್ನೊಂದೇ ಒಂದು ಸುತ್ತು…
ಕತ್ತಲಲ್ಲಿ ಯಾರೋ ಕಹಳೆ ಊದಿದರು.
ಕೇಳಿಸಿತಪ್ಪ, ಕೇಳಿಸಲಿಲ್ಲ ಅನ್ನಲಾರೆ.
ಅದಕ್ಕೂ ತಾಳ ಹಾಕಿದೆವು.

ಬೆಳಿಗ್ಗೆ ಹಾಗ್‌ಬಾರ್ತನ ಟೋಪಿ ಸಿಕ್ಕಿತು,
ಪಾಚಿಯ ನಡುವೆ, ನೆನೆದು.
ಇವತ್ತಿಗೂ ನೆನೆಯುತ್ತಲೇ ಇದೆ ಅದು.
ನೀನು ಹೇಳಿದ ಹಳೆಯ ಮನೆ, ಮಗು,
ನಾನು ಅಲ್ಲಿ ಇದ್ದು ಬಂದವಳು.”

ಉದಾಹರಣೆಗೆಂದು ಚೀಟಿಯಲ್ಲಿ ಎರಡು ಗೆರೆ ಜಾಗ.
ತೋರ್ಗ್ರಿಮ್ ಪೆನ್ಸಿಲಿನ ತುದಿ ನೆಕ್ಕಿದ.
‘ಅವಳು ಹಾಲು ಮರೆತಳು’ ಎಂದು ಬರೆದ.
ಬರೆದದ್ದನ್ನು ಕೈಯಿಂದ ಮುಚ್ಚಿಕೊಂಡು ಕೂತ.

ರಾತ್ರಿ ಹನ್ನೊಂದು. ಹೊರಗೆ ಕೊಲ್ಲಿಯ ತುಂಬ ಬಿಸಿಲು.
ಓಡ್ಲೌಗ್ ಎದ್ದು, ಕಡ್ಡಿ ಗೀರಿ,
ಕಿಟಕಿಯ ದೀಪ ಹಚ್ಚಿದಳು;
ಉರಿ ಉಂಟೋ ಇಲ್ಲವೋ ಕಣ್ಣಿಗೆ ತಿಳಿಯದಷ್ಟು ಬೆಳಕಿತ್ತು.
ಬೆರಳು ಚಾಚಿ ಬಿಸಿ ನೋಡಿಕೊಂಡಳು.

“ಮುಂದಿನ ಚೀಟಿ ಯಾವುದು?”
“ಗ್ಲಿ. ಜಾರುವುದು.”
“ಅದಕ್ಕೆ ಜನವರಿಯಲ್ಲಿ ಬಾ,” ಎಂದಳು.
“ನಮ್ಮ ಮೆಟ್ಟಿಲೇ ಹೇಳಿಕೊಡುತ್ತದೆ.”