ಖಾಲಿ ಹೊಟ್ಟೆಗೆ ಎರಡು ಲೋಟ

ನನ್ನ ಮಗಳ ವಯಸ್ಸಿನ ಡಾಕ್ಟರು
ಚೀಟಿಯಲ್ಲಿ ಮಾತ್ರೆಗಿಂತ ಮೇಲೆ ನೀರು ಅಂತ ಬರೆದಳು.
ಎದ್ದ ಕೂಡಲೇ ಎರಡು ಲೋಟ, ಖಾಲಿ ಹೊಟ್ಟೆಗೆ.
ಅಡಿಗೆರೆ ಬೇರೆ.
ನಗು ಬಂತು ನನಗೆ.
ಹತ್ತೊಂಬತ್ತು ವರ್ಷದಿಂದ ನೀರಲ್ಲೇ ಇದ್ದೀನಲ್ಲ ತಾಯಿ,
ಅಂದು ಕೈ ಚಾಚಿದೆ:
ಬೇಯುವ ಗೂಡಿನ ಬೇಸಿನ್ನಿನಲ್ಲಿ
ಎಳೆಯ ತುದಿ ಹುಡುಕಿ ಹುಡುಕಿ
ಬೆಳ್ಳಗೆ ಸುಕ್ಕಾದ ಹತ್ತು ಬೆರಳು.
ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು.

ಶಿಡ್ಲಘಟ್ಟದಲ್ಲಿ ನೀರಿಗೂ ಎರಡು ಜಾತಿ.
ಬೋರಿನದು, ಸಾವಿರದ ನಾನೂರು ಅಡಿಯಿಂದ ಎದ್ದು ಬಂದು
ಮಕ್ಕಳ ಹಲ್ಲಿಗೆ ಕಂದು ಗೆರೆ ಎಳೆಯುವಂಥದು.
ಐದು ರೂಪಾಯಿ ಬಿಲ್ಲೆ ನುಂಗಿ
ಇಪ್ಪತ್ತು ಲೀಟರು ಉಗುಳುವ ಯಂತ್ರದ್ದು ಇನ್ನೊಂದು.
ಅದನ್ನೇ ಹೊತ್ತು ತಂದೆ.

ಮೊದಲ ದಿನ ಅರ್ಧ ಲೋಟಕ್ಕೇ ವಾಕರಿಕೆ.
ಮಾರನೇ ದಿನ ಟೀ ಮುಂದೆ ಬಂತು, ನೀರು ಹಿಂದೆ ಬಿತ್ತು.
ಮೂರನೇ ದಿನ ಮರೆತೇ ಹೋಯಿತು.
ರಾತ್ರಿಯೇ ತುಂಬಿಸಿ, ಲೋಟದಡಿ ಬೆಂಕಿಪೊಟ್ಟಣ ಇಟ್ಟೆ,
ಇದನ್ನೆತ್ತದೆ ಒಲೆ ಹತ್ತಬಾರದು ಅಂತ.
ಗಂಡನ ಅಂಗಿ ಜೇಬಿನಲ್ಲಿ ಲೈಟರು ಸಿಕ್ಕಿತು;
ಮತ್ತೆರಡು ದಿನ ನನಗೆ ನಾನೇ ಮೋಸ.
ಹಾಗೂ ಹೀಗೂ ಎಂಟನೇ ದಿನ
ಎರಡೂ ಲೋಟ ಗಂಟಲಿಳಿದು
ಎದೆಯ ನಡುವೆ ತಣ್ಣಗೆ ದಾರಿ ಮಾಡಿಕೊಂಡು ಹೋದವು.
ನನ್ನೊಳಗೆ ಇಷ್ಟುದ್ದದ ದಾರಿ ಇತ್ತೆ.

ಆಮೇಲೆ ಹತ್ತು ಗಂಟೆಯಾಯಿತು.

ಚೀಟಿಯಲ್ಲಿ ಬರೆಯದ ಮಾತು ಇದು.
ಚರಕ ನಿಲ್ಲುವುದಿಲ್ಲ. ಹಿತ್ತಲ ಕಕ್ಕಸಿಗೆ ಬೀಗ,
ಬೀಗದ ಕೈ ಚೌಡರೆಡ್ಡಿಯವರ ಸೊಂಟದಲ್ಲಿ,
ಚೌಡರೆಡ್ಡಿಯವರು ಗೂಡಿನ ಹರಾಜಿನಲ್ಲಿ.
ನಾವು ಐದು ಹೆಂಗಸರು ನೀರು ಮರೆತವರಲ್ಲ.
ಕುಡಿಯದಿರುವುದೂ ಒಂದು ಅಭ್ಯಾಸವೇ, ಅದನ್ನೂ
ಒಂದೊಂದೇ ಗುಟುಕು ಬಿಟ್ಟು
ಕಷ್ಟಪಟ್ಟು ಕಲಿತಿದ್ದೆವು.
ಕಾಲು ಕುಣಿಸುತ್ತ ಕೂತ ನನ್ನನ್ನು ಕಂಡು ಶಂಶಾದ್,
"ಇದಕ್ಕೇ ಅಕ್ಕ, ನಾನು ಟೀನೂ ಅರ್ಧವೇ" ಅಂದಳು.

ಹನ್ನೊಂದನೇ ದಿನ ಗೇಟಿನಲ್ಲೇ ಅಡ್ಡ ನಿಂತೆ.
ಅಣ್ಣ, ಕೀ.
ಯಾಕಮ್ಮ?
ನೀರು ಕುಡಿದಿದ್ದೀನಿ.
ಅದಕ್ಕಿಂತ ಉದ್ದ ಹೇಳಲು ನಾಲಗೆ ಏಳಲಿಲ್ಲ.
ಅವರು ನೆಲ ನೋಡಿದರು. ಸ್ಕೂಟರಿನ ಕೀ, ಗೋಡೌನಿನ ಕೀ,
ಒಂದೊಂದಾಗಿ ಸರಿಸಿ
ಸಣ್ಣದೊಂದನ್ನು ಬಿಡಿಸಿ ಕೊಟ್ಟರು.

ಈಗ ಅದು ಬೇಸಿನ್ನಿನ ಪಕ್ಕದ ಮೊಳೆಯಲ್ಲಿದೆ.
ಹರಿದ ಎಳೆಗಳನ್ನು ಹೊಸೆದು
ದಾರ ಕಟ್ಟಿದವಳು ಶಂಶಾದ್.
ಒದ್ದೆ ಕೈ ತಾಗಿ ತಾಗಿ ತುಕ್ಕು ಹತ್ತುತ್ತಿದೆ.
ಯಂತ್ರದ ಬಿಲ್ಲೆಗೆ ಐವರದೂ ಒಂದೊಂದು ರೂಪಾಯಿ.

ಇವತ್ತು ಬೆಳಿಗ್ಗೆ ಮೂರನೇ ಲೋಟ ಕುಡಿದೆ.
ಅದನ್ನು ಯಾರೂ ಬರೆದುಕೊಟ್ಟಿರಲಿಲ್ಲ.